ಎ.ಸಿ. ಪೈಪಿನ ಇರುವೆಗಳು

"ನಿನ್ನ ರೂಮಲ್ಲಿ ಹಲ್ವ ಉಂಟು ಮಾರಾಯ್ತಿ. ಇರುವೆ ಸುಳ್ಳು ಹೇಳುದಿಲ್ಲ," ಎಂದಳು ನೆಲ್ಲಿ, ನೆಲದ ಇರುವೆ ಸಾಲಿನಿಂದ ಕಣ್ಣು ಕೀಳದೆ. ರಜೆಗೆ ಊರಿಗೆ ಹೋಗಿ ಬಂದವರು ಹಲ್ವ ಹಂಚುವುದು ಕೊಲ್ಲಿ ದೇಶದ ಅದ್ಲಿಯಾದಲ್ಲಿ ಅವರೆಲ್ಲ ಒಟ್ಟಿಗಿದ್ದ ಆ ಫ್ಲ್ಯಾಟಿನ ಕ್ರಮ. ಪಕ್ಕದ ರೂಮಿನ ನರ್ಸ್ ವಿನಿತಾ ಮಾತ್ರ ಬರಿಗೈಯಲ್ಲಿ ಬಂದೆ ಎಂದಿದ್ದಳು. ನೆಲ್ಲಿಗೆ ಅದು ನುಂಗಲಾಗದ ಮಾತು.

"ಸಾಲಿನ ಹಿಂದೆಯೇ ಹೋಗಿ ನೋಡುವ, ಬನ್ನಿ ಅಕ್ಕ," ಎಂದಳು ವಿನಿತಾ.

ಕೆಂಡದಂತೆ ಕಾದ ಬಾಲ್ಕನಿ ಗೋಡೆಯನ್ನು ಇರುವೆಗಳು ಮೂಸಿಯೂ ನೋಡಿರಲಿಲ್ಲ. ನೀರು ತೊಟ್ಟಿಕ್ಕುವ ಎ.ಸಿ. ಪೈಪಿನ ತಂಪು ಹಿಡಿದು, ಸುತ್ತಿಬಳಸಿ ಒಳಗೆ ಬಂದಿದ್ದವು. ವಿನಿತಾಳ ಬಾಗಿಲು ಬಂದಾಗ ನೆಲ್ಲಿ ಹುಬ್ಬೇರಿಸಿದಳು. ಸಾಲು ಅಲ್ಲಿ ನಿಲ್ಲಲಿಲ್ಲ. ಬಚ್ಚಲಿಗೆ ಇಳಿದು ಮೂಲೆಯ ಬಕೆಟನ್ನು ಮುತ್ತಿತ್ತು. ಅದರಲ್ಲಿದ್ದದ್ದು ನೆಲ್ಲಿಯ ಮಗಳು ನತಾಶಾಳ ಮೂತ್ರ ನಾರುವ ಪೈಜಾಮ. ಏಳು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದನ್ನು ನೆಲ್ಲಿ ನಾಚಿಕೆಯಿಂದ ಮುಚ್ಚಿಟ್ಟಿದ್ದಳು.

"ಮೂತ್ರಕ್ಕೆ ಇರುವೆಯಾ?" ವಿನಿತಾಳ ದನಿ ಬದಲಾಯಿತು. "ಮಗು ನೀರು ತುಂಬ ಕುಡೀತಾಳಾ?"

"ಈ ಸೆಕೆಗೆ ಯಾರು ಕುಡಿಯುದಿಲ್ಲ? ನೀನು ಮಾತು ಮರೆಸ್ಬೇಡ."

ಅಷ್ಟರಲ್ಲಿ ನತಾಶಾ ಖಾಲಿ ಬಾಟಲಿ ಹಿಡಿದು ಬಂದಳು. "ಮಮ್ಮಾ, ವಾಟರ್. ಮೋರ್ ವಾಟರ್." ಅವಳ ಫ್ರಾಕು ಹೆಗಲಿನಿಂದ ಜಾರುತ್ತಿತ್ತು. ಹೋದ ತಿಂಗಳು ಅದು ಬಿಗಿಯಾಗಿತ್ತು.

ವಿನಿತಾ ತನ್ನ ರೂಮಿನಿಂದ ಶುಗರ್ ನೋಡುವ ಮೆಶೀನು ತಂದಳು. ತೆರೆದೇ ಉಳಿದ ಆ ಬಾಗಿಲೊಳಗೆ ನೆಲ್ಲಿ ಇಣುಕಲಿಲ್ಲ. ಮಗಳ ಬೆರಳನ್ನು ತಾನೇ ಹಿಡಿದು ವಿನಿತಾಳತ್ತ ಚಾಚಿದಳು.