ಬರೆ ಇಲ್ಲದ ಹೊಟ್ಟೆ

ಜೋಳದ ಸುಗ್ಗಿ. ಕೊಯ್ಯುತ್ತಿದ್ದ ಸಾಲನ್ನು ಅರ್ಧಕ್ಕೇ ಬಿಟ್ಟು ದುಂಡವ್ವ, ಮೈಯೆಲ್ಲ ಹಳದಿಯಾದ ಹಸುಗೂಸು ಮೊಮ್ಮಗನನ್ನು ದವಾಖಾನೆಗೆ ತಂದಿದ್ದಳು.

"ತಾಯಿ ರಕ್ತ, ಕೂಸಿನ ರಕ್ತ ಒಂದಕ್ಕೊಂದು ಹೊಂದಿಲ್ಲ, ಅದಕ್ಕ ಕಾಮಣಿ ಏರೈತಿ. ಲಗೂನ ತಂದೀರಿ, ಉಳಿತೈತಿ," ಎಂದು ಡಾಕ್ಟರು ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿ ಹೊಟ್ಟೆ ನೋಡಿದರು. "ಬರಿ ಹಾಕಿಸಿಲ್ಲಲ್ಲ?"

"ಅಯ್ಯ, ಇಲ್ರೀ ಸಾಹೇಬ್ರ! ಎಳೀ ಹೊಟ್ಟಿ ಸುಟ್ರ ಕಾಮಣಿ ಹೋಗತೈತೇನ್ರೀ?"

"ಕೇಳಿದ್ಯಾ? ಇಂಥಾ ಶಾಣ್ಯಾ ಅಜ್ಜಿ ಮನ್ಯಾಗ ಇರಬೇಕು," ಎಂದು ಅವರು ಪಕ್ಕದ ಮಂಚದ ಬಾಣಂತಿಗೆ ಹೇಳಿದರು. ಆಕೆಯ ಕೂಸಿನ ಹೊಟ್ಟೆಯ ಮೇಲೆ ಬರೆಗಳು ಕೀವುಗಟ್ಟಿದ್ದವು.

ದುಂಡವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಬಾಣಂತಿ ಆಗಲೇ ಗುರುತು ಹಿಡಿದಿದ್ದಳು.

"ಮೊನ್ನಿ ನಿನ್ನ ಕೈಯಾರ ನನ್ನ ಕೂಸಿಗೆ ಬರಿ ಎಳಿಯುವಾಗ ಈ ಮಾತ ಯಾಕ ಹೇಳಲಿಲ್ಲ, ಆಯಿ?"