ಎರಡನೆಯ ಧ್ವನಿಪೆಟ್ಟಿಗೆ

ಅವಳಿಗೆ ಧ್ವನಿಪೆಟ್ಟಿಗೆ ಇರಲಿಲ್ಲ. ಹತ್ತೊಂಬತ್ತು ದಿನದ ಹಿಂದೆ ಗಂಟಲಿನ ಗಡ್ಡೆಯ ಜೊತೆಗೆ ಅದನ್ನೂ ತೆಗೆದಿದ್ದರು. ಈಗ ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ, ಮಡಿಲಲ್ಲಿ ಬರೆದು ಒರೆಸುವ ಹಲಗೆ. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಅವಳು ಸೋಫಾದ ಮೇಲೆ ಕೂತಿದ್ದಳು. ಗಂಡನೂ ರಿಪೇರಿಯವನೂ ಟಿವಿಯ ಪಕ್ಕ ಮಂಡಿಯೂರಿ ಇಟ್ಟಿಗೆ ಗಾತ್ರದ ಒಂದು ಕರಿ ಪೆಟ್ಟಿಗೆಯನ್ನು ನೋಡುತ್ತಿದ್ದರು.

ಅದು ಮನೆಯ ಇಂಟರ್‌ನೆಟ್ಟಿಗೆ ಸೇರಿಸಿದ್ದ ಡಿಸ್ಕು. ಫೋಟೋ, ವಿಡಿಯೋ ಎಲ್ಲ ಅದರೊಳಗೇ. ಆಪರೇಷನ್ನಿಗೆ ಮೊದಲು ಆರು ವಾರ ಅವಳು ದಿನವೂ ಒಂದು ಗಂಟೆ ಫೋನಿನ ಮುಂದೆ ಕೂತು ವಾಕ್ಯ ಓದಿದ್ದಳು. ಸಾಕಷ್ಟು ಓದಿ ಇಟ್ಟರೆ ಮುಂದೆ ನೀವು ಬರೆದದ್ದನ್ನು ಫೋನು ನಿಮ್ಮದೇ ದನಿಯಲ್ಲಿ ಹೇಳುತ್ತದೆ, ಗಾಯ ಮಾಗಿದ ಮೇಲೆ ತನ್ನಿ ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ್ದರು. ಅವಳು ಶಾಲೆಯಲ್ಲಿ ಆಟ ಕಲಿಸುವವಳು. ಸೀಟಿ ಊದದೆಯೇ ಮೈದಾನದ ಆ ತುದಿಗೆ ಮುಟ್ಟುವ ದನಿ. ಮಕ್ಕಳು ಮೈಕ್ ಮಿಸ್ ಎನ್ನುತ್ತಿದ್ದರು. ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ವಾಕ್ಯಗಳಿಗೆ ನಂಬರು ಹಾಕಿದ್ದ, ಒಂದು ಒತ್ತಕ್ಷರ ಜಾರಿದರೂ ಮತ್ತೆ ಓದಿಸಿದ್ದ. ಫೋನು ತುಂಬಿದಂತೆಲ್ಲ ಎಲ್ಲವನ್ನೂ ಪೆಟ್ಟಿಗೆಗೆ ಸಾಗಿಸಿ ಫೋನು ಖಾಲಿ ಮಾಡಿದ್ದ. ಫೋನಾದರೆ ಕಳೆದುಹೋದೀತು, ಪೆಟ್ಟಿಗೆ ಮನೆಯಲ್ಲೇ ಇರುತ್ತದಲ್ಲ. "ಡಾಕ್ಟರು ಒಂದು ಪೆಟ್ಟಿಗೆ ತೆಗೀಲಿ ಬಿಡು, ನನ್ನ ಹತ್ರ ಇನ್ನೊಂದಿದೆ" ಎಂದು ಆಪರೇಷನ್ನಿನ ಹಿಂದಿನ ದಿನ ಅವಳನ್ನು ನಗಿಸಿದ್ದ.

ನಾಳೆ ಹತ್ತು ಗಂಟೆಗೆ ಮೇಡಂ ಕರೆದಿದ್ದರು. ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಡಿಸ್ಕು ಕೆಟ್ಟಿಲ್ಲ, ಅಂಗಡಿಯಿಂದ ಇವತ್ತೇ ತಂದ ಹಾಗಿದೆ ಎಂದ ರಿಪೇರಿಯವನು. ಹೋದ ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ, ಮನೆಯಲ್ಲಿ ಯಾರೂ ಇಲ್ಲದಾಗ, ಇಂಟರ್‌ನೆಟ್ಟಿನ ಮೂಲಕ ಯಾರೋ ಅದಕ್ಕೆ ಆಜ್ಞೆ ಕೊಟ್ಟಿದ್ದರು: ಇರುವುದೆಲ್ಲ ಒರೆಸಿ ಹೊಸದಾಗು. ಅದು ಹೊಸದಾಗಿತ್ತು. ಒರೆಸಿದ ಜಾಗದ ಮೇಲೆಲ್ಲ ಸೊನ್ನೆ ತುಂಬಿತ್ತು. ಹೆಕ್ಕಿ ತೆಗೆಯಲು ಚೂರೂ ಉಳಿದಿರಲಿಲ್ಲ. ಗಂಡ ತಾನು ಇಟ್ಟಿದ್ದ ಪಾಸ್‌ವರ್ಡನ್ನು ಬಿಡಿಬಿಡಿಯಾಗಿ ಹೇಳಿದ. ಇಪ್ಪತ್ತೆರಡು ಅಕ್ಷರ.

"ಪಾಸ್‌ವರ್ಡ್ ಗಟ್ಟಿಯಾಗೇ ಇದೆ ಸಾರ್. ಆದ್ರೆ ಅದು ಕೇಳಲೇ ಇಲ್ಲ."

"ಕೇಳಲಿಲ್ಲ ಅಂದ್ರೆ?"

"ಒಳಗಿನ ಸಾಫ್ಟ್‌ವೇರಲ್ಲೇ ತೂತು. ಇಂಥ ಆಜ್ಞೆ ಬಂದ್ರೆ ನೀನ್ಯಾರು ಅಂತ ಕೇಳೋಕೆ ಐದು ಸಾಲು ಬರೆದಿದ್ದಾರೆ. ಬರೆದವರೇ ಯಾವಾಗಲೋ ಪರೀಕ್ಷೆ ಮಾಡೋಕೆ ಅಂತ ಆ ಐದು ಸಾಲು ಹೊಡೆದು ಹಾಕಿದ್ದಾರೆ. ವಾಪಸ್ ಸೇರಿಸೋದು ಮರೆತಿದ್ದಾರೆ."

ಕರಡು ತಿದ್ದುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗೊತ್ತಾದ ಮೇಲೆ ಸರಿಪಡಿಸಿ ಕಳಿಸಬೇಕಿತ್ತಲ್ಲ ಎಂದ. ಈ ಮಾಡೆಲಿಗೆ ಅಪ್‌ಡೇಟ್ ನಿಲ್ಲಿಸಿ ಮೂರು ವರ್ಷವಾಯಿತು, ಇನ್ನು ಇದನ್ನು ಇಂಟರ್‌ನೆಟ್ಟಿಗೆ ಸೇರಿಸಬೇಡಿ ಎಂದು ಕಂಪನಿಯವರು ಕೊಂಡವರಿಗೆಲ್ಲ ಮೇಲ್ ಹಾಕಿದ್ದಾರೆ ಎಂದು ರಿಪೇರಿಯವನು ಹೇಳಿದ. ಗಂಡ ನೆಲ ನೋಡಿದ. ಆ ಮೇಲ್ ಅವನಿಗೆ ನೆನಪಿತ್ತು. ಮೊದಲ ಸಾಲಿನಲ್ಲೇ ಎರಡು ಕಾಗುಣಿತ ತಪ್ಪು. ತಪ್ಪು ಕಾಗುಣಿತದ ಮೇಲ್ ಬಂದರೆ ಅದು ಮೋಸಗಾರರದ್ದು, ತೆರೆಯಬೇಡಿ ಎಂದು ಪ್ರೆಸ್ಸಿನಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದವನು ಅವನೇ. ಉಳಿದದ್ದನ್ನು ಓದದೆ ಅಳಿಸಿದ್ದ.

ಅವಳು ಹಲಗೆಯ ಮೇಲೆ ಬರೆದು ರಿಪೇರಿಯವನ ಕಡೆ ತಿರುಗಿಸಿದಳು: ಅವರು ಕೇಳಿದ್ರಾ?

"ಅವರು ಕೇಳೋದಲ್ಲಕ್ಕ. ಪೆಟ್ಟಿಗೆ ಅವರನ್ನ ಕೇಳ್ಬೇಕಿತ್ತು."

ಅವಳು ತಲೆಯಲ್ಲಾಡಿಸಿ, ಅಂಗೈಯಿಂದ ಒರೆಸಿ, ಮತ್ತೆ ಬರೆದಳು: ಅಳಿಸೋ ಮುಂಚೆ. ನನ್ನ ದನಿ. ಕೇಳಿದ್ರಾ?

ರಿಪೇರಿಯವನು ವೈರು ಸುತ್ತುವುದನ್ನು ನಿಲ್ಲಿಸಿದ. "ಇಲ್ಲಕ್ಕ. ಒಳಗೆ ಏನಿದೆ ಅಂತಾನೂ ಅವರಿಗೆ ಗೊತ್ತಿರಲ್ಲ. ಒಂದೇ ಏಟಿಗೆ ಸಾವಿರಾರು ಪೆಟ್ಟಿಗೆಗೆ ಕಳಿಸಿರ್ತಾರೆ. ಅವರಿಗೂ ಏನೂ ಸಿಕ್ಕಿಲ್ಲ."

"ಕದ್ದಿದ್ರೆ ಚೆನ್ನಾಗಿತ್ತು" ಎಂದ ಗಂಡ. "ಎಲ್ಲೋ ಒಂದ್ಕಡೆ ಇರ್ತಿತ್ತು."

ರಿಪೇರಿಯವನು ಹೋದ ಮೇಲೆ ಗಂಡ ಗೊತ್ತಿದ್ದವರಿಗೆಲ್ಲ ಫೋನು ಮಾಡಿದ. ಅವಳ ಅಣ್ಣನ ಫೋನಿನಲ್ಲಿ ಎರಡು ಧ್ವನಿಸಂದೇಶ ಸಿಕ್ಕವು. ಒಂದರಲ್ಲಿ ಬರೀ ಹೂಂ. ಇನ್ನೊಂದರಲ್ಲಿ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ. ಶಾಲೆಯವರು ಆಟದ ದಿನದ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಅವಳ ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಮಕ್ಕಳ ಗದ್ದಲ. ಅವಳು ಮೂರನ್ನೂ ಒಂದೊಂದು ಸಲ ಕೇಳಿ ಫೋನನ್ನು ಅವನ ಕೈಗೆ ಕೊಟ್ಟು, ಬಟ್ಟೆ ಒಣಗಿಸಲು ಎದ್ದು ಹೋದಳು.

ಮಧ್ಯಾಹ್ನ ಅವನು ಮೇಡಂಗೆ ಫೋನು ಮಾಡಿದ. ಇಷ್ಟರಿಂದ ಆಗುವುದಿಲ್ಲ ಎಂದರು. ಫೋನಿನಲ್ಲೇ ಹೆಂಗಸಿನ ದನಿ ಮೂರು ಬಗೆಯವಿವೆ, ನಾಳೆ ಬಂದು ಒಂದು ಆರಿಸಿಕೊಳ್ಳಲಿ ಎಂದರು. ಆಮೇಲೆ, ಕಡತದಲ್ಲಿ ಬರೆಯಬೇಕು, ಹೋದದ್ದು ಒಟ್ಟು ಎಷ್ಟು ಎಂದು ಕೇಳಿದರು.

"ವಾಕ್ಯ ಸಾವಿರದ ಇನ್ನೂರ ಆರು" ಎಂದ ಅವನು. "ಬಿಡಿ ಪದ ಮುನ್ನೂರ ನಲವತ್ತು. ಅಂಕಿ, ಒಂದರಿಂದ ನೂರು. ನನ್ನನ್ನ ಕರೆಯೋದು ನಾಲ್ಕು ಥರ. ಬೈಯೋದು ಹನ್ನೊಂದು."