ಮೆಟ್ಟಿಲ ಬಳಿಯ ಬೂಟುಗಳು

ತನ್ನ ಮೋಟಾರ್‌ಹೋಮ್‌ನ ಮೆಟ್ಟಿಲ ಬಳಿ ಒಂದು ಜೊತೆ ಬೂಟು ಕಂಡು ಆರ್ಡಿತ್ ನಿಂತುಬಿಟ್ಟಳು. ಅರಿಜೋನಾದ ಡೀಲರ್ ಡೆಲ್ಮರ್‌ನ ಅಂಗಳದಲ್ಲಿ ಆ ಗಾಲಿಮನೆ ಮಾರಾಟಕ್ಕೆ ನಿಂತು ಇಡೀ ಚಳಿಗಾಲ ಕಳೆದಿತ್ತು. ಅದು ಮಾರಿಹೋದರೆ ಮಾತ್ರ ಮಗಳ ಊರಿನಲ್ಲಿ ಅವಳಿಗೊಂದು ಪುಟ್ಟ ಮನೆ. ಫೋನ್ ಮಾಡಿದಾಗಲೆಲ್ಲ ಡೆಲ್ಮರ್‌ನದು ಒಂದೇ ರಾಗ: "ಹಳೇ ಗಾಡಿ ಮೇಡಂ, ಯಾರೂ ಹತ್ರ ಸುಳೀತಿಲ್ಲ. ಬೆಲೆ ಇಳ್ಸಿ."

ನೋಡಲು ಬರುವ ಗಿರಾಕಿ ಗಟ್ಟಿಯಿದೆಯಾ ಎಂದು ಟೈರಿಗೆ ಒದ್ದು ನೋಡಿ, ಧೂಳಿನ ಕಾಲಲ್ಲೇ ಒಳಗೆ ಹತ್ತುತ್ತಾನೆ. ಬೂಟು ಹೊರಗೆ ಬಿಡುವವರು ಅದರಲ್ಲಿ ವಾಸ ಮಾಡುವವರು ಮಾತ್ರ. ಆರ್ಡಿತ್ ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಬಾಗಿಲು ತೆಗೆದಳು. ಅವಳದೇ ಹೂವಿನ ಕಪ್ಪಿನಲ್ಲಿ ಕಾಫಿ ಹಿಡಿದು, ಕಾಲ್ಚೀಲದ ಪಾದ ಚಾಚಿಕೊಂಡು ಡೆಲ್ಮರ್ ಆರಾಮಾಗಿ ಕೂತಿದ್ದ. ಕಿಟಕಿಗೆ ಹಳದಿ ಬಣ್ಣದ ಹೊಸ ಪರದೆ ಬಂದಿತ್ತು.

"ಅದು... ಊಟದ ಹೊತ್ತಲ್ಲಿ ಸ್ವಲ್ಪ..." ಎಂದು ಅವನು ತಡವರಿಸಿದ.

"ಪರದೆ ಯಾರು ಹೊಲಿದಿದ್ದು?"

"ನನ್ನ ಹೆಂಡ್ತಿ." ಅವನ ಕಿವಿಗಳು ಕೆಂಪಾದವು.

"ಯಾರೂ ಸುಳೀತಿಲ್ಲ ಅಂತೀರಿ, ಗಿರಾಕಿ ಒಳಗೇ ಕೂತಿದಾನಲ್ರೀ! ನಾನು ಹೇಳಿದ ಬೆಲೆಗೇ ತಗೊಳ್ಳಿ."

ಡೆಲ್ಮರ್ ಪರದೆಯನ್ನೊಮ್ಮೆ ನೋಡಿ, ನಾಚಿಕೊಂಡೇ ತಲೆಯಾಡಿಸಿದ. ಆರ್ಡಿತ್ ಕೆಳಗಿಳಿದು, ಚಪ್ಪಲಿ ಬಿಚ್ಚಿ ಅವನ ಬೂಟುಗಳ ಪಕ್ಕದಲ್ಲಿಟ್ಟು, ತೆರೆದ ಬಾಗಿಲನ್ನೇ ತಟ್ಟಿದಳು.

"ಒಳಗೆ ಬರಬಹುದಾ, ಯಜಮಾನ್ರೇ?"